ಮಾರ್ಕೆನ್: ಸಮುದ್ರ ಕಳೆದುಕೊಂಡ ಮೀನುಗಾರರ ಊರು – ಗೊತ್ತಿರುವವರು ಸೇರಿಸಿ

ಪೋಲ್ಡರ್ ಕನ್ನಡಿಗ

ಆಮ್‌ಸ್ಟರ್‌ಡಾಮಿಗೆ ಬಂದ ನಮ್ಮವರಲ್ಲಿ ತುಂಬಾ ಜನ ಒಂದು ದಿನ ಬಿಡುವು ಮಾಡಿಕೊಂಡು ಮಾರ್ಕೆನ್‌ಗೆ ಹೋಗುತ್ತಾರೆ. ಬಂದರಿನ ಹತ್ತಿರ ಹಸಿರು ಮನೆಗಳ ಮುಂದೆ ಫೋಟೋ, ಒಂದು ಜೊತೆ ಮರದ ಪಾದರಕ್ಷೆ, ಆಮೇಲೆ ದೋಣಿ ಹತ್ತಿ ವೋಲೆಂಡಾಮ್. ಊರನ್ನು ನೋಡಿದ್ದು ಒಟ್ಟು ಒಂದು ಗಂಟೆ. ಈ ಊರಿಗೆ ಅಷ್ಟು ಸಾಲದು. ಇಲ್ಲಿ ಕಾಣುವ ಪ್ರತಿಯೊಂದಕ್ಕೂ ನೀರೇ ಕಾರಣ. ಅದು ಗೊತ್ತಿಲ್ಲದೆ ನೋಡಿದರೆ ಮಾರ್ಕೆನ್ ಬರೀ ಬಣ್ಣದ ಮನೆಗಳ ಸಾಲು.

ಊರು ಇರುವುದು ಆಮ್‌ಸ್ಟರ್‌ಡಾಮಿನ ಈಶಾನ್ಯಕ್ಕೆ, ಸುಮಾರು 20 ಕಿಲೋಮೀಟರ್ ದೂರದಲ್ಲಿ. ಇದು ಮೊದಲು ದ್ವೀಪ. 1957ರಲ್ಲಿ ಏರಿ ಕಟ್ಟಿ ಮೇಲೆ ರಸ್ತೆ ಹಾಕಿದ ಮೇಲೆ ನೆಲಕ್ಕೆ ಸೇರಿಕೊಂಡಿತು. ಜನಸಂಖ್ಯೆ ಎರಡು ಸಾವಿರದೊಳಗೆ. ವಿಸ್ತೀರ್ಣ ಮೂರು ಚದರ ಕಿಲೋಮೀಟರ್‌ಗಿಂತ ಕಡಿಮೆ. ಅದರಲ್ಲೂ ಜಾಸ್ತಿ ಜಾಗ ಹುಲ್ಲುಗಾವಲು.

ಮನೆಗಳು ಊರ ತುಂಬಾ ಹರಡಿಕೊಂಡಿಲ್ಲ, ಅಲ್ಲಲ್ಲಿ ಗುಂಪಾಗಿ ನಿಂತಿವೆ. ಒಂದೊಂದು ಗುಂಪೂ ಒಂದೊಂದು ದಿಬ್ಬದ ಮೇಲಿದೆ. ಈ ದಿಬ್ಬಗಳು ತಾನಾಗಿ ಬಂದವಲ್ಲ, ಜನ ಮಣ್ಣು ಹೊತ್ತು ಎತ್ತರಿಸಿದವು. ಇವಕ್ಕೆ ‘ವೆರ್ಫ್’ ಎನ್ನುತ್ತಾರೆ. ಚರ್ಚ್ ಇರುವ ಕೆರ್ಕ್‌ಬ್ಯೂರ್ಟ್ ಇಂಥದ್ದೇ ಒಂದು ದಿಬ್ಬ. ರೋಝೆವೆರ್ಫ್, ಮೂನಿಸ್‌ವೆರ್ಫ್ ಅಂತ ಇನ್ನೂ ಹಲವು ಇವೆ. ಸಮುದ್ರ ಉಕ್ಕಿದಾಗ ಹುಲ್ಲುಗಾವಲೆಲ್ಲ ಮುಳುಗುತ್ತಿತ್ತು, ದಿಬ್ಬಗಳು ಮಾತ್ರ ತಲೆ ಎತ್ತಿ ನಿಲ್ಲುತ್ತಿದ್ದವು. ಅಂಥ ದಿನ ಪಕ್ಕದ ದಿಬ್ಬಕ್ಕೆ ಹೋಗಬೇಕೆಂದರೂ ದೋಣಿಯೇ ಬೇಕು.

ಜನ ಹೆಚ್ಚಿದಂತೆ ದಿಬ್ಬದ ಮೇಲೆ ಜಾಗ ಸಾಲದಾಯಿತು. ಆಗ ದಿಬ್ಬದ ಅಂಚಿನಲ್ಲಿ, ಬಂದರಿನ ಹತ್ತಿರ, ಮರದ ಕಂಬಗಳ ಮೇಲೆ ಮನೆ ಕಟ್ಟಿದರು. ನೀರು ಬಂದರೆ ಕೆಳಗಿನಿಂದ ಹರಿದು ಹೋಗಲಿ ಅಂತ. ಈಗ ನೋಡಿದರೆ ಬಹಳಷ್ಟು ಮನೆಗಳಲ್ಲಿ ಕಂಬಗಳ ನಡುವೆ ಹಲಗೆ ಹೊಡೆದು ಕೋಣೆ ಮಾಡಿದ್ದಾರೆ. ನೀರು ಬರುವುದು ನಿಂತ ಮೇಲೆ ಆದ ಬದಲಾವಣೆ ಅದು. ಮುಂದಿನ ಸಲ ಹೋದಾಗ ಮನೆಯ ಕೆಳಭಾಗವನ್ನು ಗಮನಿಸಿ. ಸಮುದ್ರದ ಭಯ ಇದ್ದ ಕಾಲ, ಭಯ ಹೋದ ಕಾಲ ಎರಡೂ ಒಂದೇ ಗೋಡೆಯಲ್ಲಿ ಸಿಗುತ್ತವೆ.

ನೀವು ನೋಡಿದ್ದು, ಓದಿದ್ದು ಹೇಳಿ.

ಹುಣಸೆಮರ

ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಆ ಒಂದು ಗಂಟೆಯ ಗುಂಪಿನವಳೇ. ಒಂದು ಪ್ರಶ್ನೆ ಕೇಳಬೇಕು. ವರ್ಷ ವರ್ಷ ನೀರು ನುಗ್ಗುವ ಜಾಗದಲ್ಲಿ ಜನ ಯಾಕೆ ಇದ್ದರು? ಡಚ್ಚರು ಏರಿ ಕಟ್ಟುವುದರಲ್ಲಿ ಗಟ್ಟಿಗರು ಅಲ್ವಾ? ಸುತ್ತ ಎತ್ತರದ ಏರಿ ಕಟ್ಟಿದ್ದರೆ ಮುಗಿಯುತ್ತಿತ್ತಲ್ಲ.

ಪೋಲ್ಡರ್ ಕನ್ನಡಿಗ

ಹುಣಸೆಮರ ಅವರೇ, ಏರಿ ಇತ್ತು. ಆದರೆ ತಗ್ಗಿನದು. ಬೇಸಿಗೆಯ ಸಾಧಾರಣ ಅಲೆ ತಡೆಯುವಷ್ಟು, ಹುಲ್ಲು ಕೊಯ್ಯುವ ತನಕ ನೆಲ ಒಣಗಿರುವಷ್ಟು. ಚಳಿಗಾಲದ ಬಿರುಗಾಳಿಗೆ ನೀರು ಅದರ ಮೇಲೆ ಹತ್ತಿ ಬರುತ್ತಿತ್ತು. ಎತ್ತರದ ಏರಿಗೆ ಎರಡು ಅಡ್ಡಿ. ಒಂದು ದುಡ್ಡು. ಇಷ್ಟು ಚಿಕ್ಕ ಊರು ಸುತ್ತಲೂ ಸಮುದ್ರದ ಏರಿ ಕಟ್ಟಿ ಕಾಪಾಡಿಕೊಳ್ಳುವುದು ಆಗದ ಮಾತು. ಇನ್ನೊಂದು ಮಣ್ಣು. ಕೆಳಗಿರುವುದು ಪೀಟ್, ಅಂದರೆ ಸಾವಿರಾರು ವರ್ಷ ಗಿಡಗಂಟಿ ಕೊಳೆತು ಆದ ಮೆತ್ತನೆ ನೆಲ. ಅದರ ಮೇಲೆ ಭಾರ ಹೇರಿದಷ್ಟೂ ಅದು ಕುಸಿಯುತ್ತದೆ.

ಜನ ಬಂದದ್ದು ಹೇಗೆ ಅಂದರೆ, ಇದು ಮೊದಲು ಸಮುದ್ರದ ನಡುವಿನ ದ್ವೀಪವೇ ಅಲ್ಲ. ಮಧ್ಯಯುಗದ ದೊಡ್ಡ ಪ್ರವಾಹಗಳು ಪೀಟ್ ನೆಲವನ್ನು ಕೊಚ್ಚಿಕೊಂಡು ಹೋಗಿ ಝೌಡರ್‌ಝೇ ಎಂಬ ಒಳಸಮುದ್ರ ಹಿಗ್ಗಿತು. ಆಗ ಮಾರ್ಕೆನ್ ತುಂಡಾಗಿ ಉಳಿಯಿತು. 13ನೇ ಶತಮಾನದಲ್ಲಿ ಫ್ರಿಸ್‌ಲ್ಯಾಂಡಿನ ಮಾರಿಯೆನ್‌ಗಾರ್ಡೆ ಮಠದ ಸನ್ಯಾಸಿಗಳು ಇಲ್ಲಿ ಬೇಸಾಯ ಮಾಡಿಸುತ್ತಿದ್ದರು. ಎದುರು ದಡದ ಮೊನಿಕೆನ್‌ಡಾಮ್ ಊರಿಗೆ ಹೆಸರು ಬಂದದ್ದೂ ಸನ್ಯಾಸಿಗಳಿಂದಲೇ.

ಆಮೇಲೆ ಉಪ್ಪುನೀರು ಪದೇ ಪದೇ ನುಗ್ಗಿ ಬೇಸಾಯ ಕೈ ಕೊಟ್ಟಿತು. ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದು. ಗಂಡಸರು ಸಮುದ್ರಕ್ಕೆ ಇಳಿದರು. 17, 18ನೇ ಶತಮಾನದಲ್ಲಿ ಉತ್ತರ ಸಮುದ್ರಗಳಲ್ಲಿ ತಿಮಿಂಗಿಲ ಬೇಟೆಗೆ ಹೋಗುತ್ತಿದ್ದರು, ಹಡಗುಗಳಲ್ಲಿ ದುಡಿಯುತ್ತಿದ್ದರು. 19ನೇ ಶತಮಾನದಲ್ಲಿ ಝೌಡರ್‌ಝೇಯ ಮೀನೇ ಮುಖ್ಯ ಜೀವನ. 1837ರಲ್ಲಿ ಬಂದರು ಕಟ್ಟಿದರು. ಹೆರಿಂಗ್, ಆಂಚೊವಿ, ಹಾವುಮೀನು. ವಾರ ಪೂರ್ತಿ ಗಂಡಸರು ನೀರಿನ ಮೇಲೆ, ಭಾನುವಾರಕ್ಕೆ ಮನೆಗೆ. ಊರು ನಡೆಸಿದ್ದು ಹೆಂಗಸರು. ದ್ವೀಪದ ಬದುಕು ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಮನೆ, ಮಕ್ಕಳು, ವಯಸ್ಸಾದವರು, ನೀರು ಬಂದ ರಾತ್ರಿ ಸಾಮಾನು ಅಟ್ಟಕ್ಕೆ ಏರಿಸುವುದು ಎಲ್ಲ ಅವರ ಮೇಲೆಯೇ.

ಏರಿ ಮೇಲೆ

ನಾನು ಸಿವಿಲ್ ಇಂಜಿನಿಯರ್. ಈ ದೇಶದಲ್ಲಿ ನೀರಿನ ಕೆಲಸವೇ ಮಾಡುತ್ತೇನೆ. 1916ರ ಕತೆ ಹೇಳದೆ ಮಾರ್ಕೆನ್ ಕತೆ ಪೂರ್ತಿ ಆಗದು.

1916ರ ಜನವರಿ 13ರ ರಾತ್ರಿ, 14ರ ಬೆಳಗಿನ ಜಾವ. ಹಲವು ದಿನಗಳಿಂದ ಬೀಸುತ್ತಿದ್ದ ಗಾಳಿ ಉತ್ತರ ಸಮುದ್ರದ ನೀರನ್ನು ಝೌಡರ್‌ಝೇ ಒಳಗೆ ತಳ್ಳಿತ್ತು. ಝೌಡರ್‌ಝೇ ಹೆಚ್ಚು ಆಳ ಇಲ್ಲದ ಸಮುದ್ರ. ಆಳ ಇಲ್ಲದ ಕಡೆ ಗಾಳಿ ತಳ್ಳಿದ ನೀರು ಬೇಗ ಮೇಲೇರುತ್ತದೆ, ಹಿಂದಕ್ಕೆ ಹರಿಯಲು ದಾರಿ ಇರುವುದಿಲ್ಲ. ಎದುರು ದಡದಲ್ಲಿ ಏರಿಗಳು ಒಡೆದು ವಾಟರ್‌ಲ್ಯಾಂಡ್ ಪ್ರದೇಶ ಮುಳುಗಿತು. ಮಾರ್ಕೆನ್‌ನಲ್ಲಿ ನೀರು ದಿಬ್ಬಗಳ ಮೇಲಕ್ಕೂ ಬಂತು. ಮರದ ಮನೆಗಳು ಕಿತ್ತುಹೋದವು, ದೋಣಿಗಳು ಮನೆಗಳಿಗೆ ಬಡಿದವು. ಈ ಒಂದು ಊರಿನಲ್ಲೇ 16 ಜನ ಸತ್ತರು. ಅಷ್ಟು ಚಿಕ್ಕ ಊರಿನಲ್ಲಿ 16 ಅಂದರೆ ಸಾವು ಮುಟ್ಟದ ಮನೆ ಕಡಿಮೆ. ರಾಣಿ ವಿಲ್ಹೆಲ್ಮಿನಾ ತಾವೇ ಬಂದು ನೋಡಿದರು.

ಝೌಡರ್‌ಝೇಯ ಬಾಯಿಗೆ ಏರಿ ಕಟ್ಟುವ ಯೋಜನೆ ಆಗ ಹೊಸದಲ್ಲ. ಇಂಜಿನಿಯರ್ ಕೊರ್ನೆಲಿಸ್ ಲೆಲಿ 1891ರಲ್ಲೇ ಅದನ್ನು ಸಿದ್ಧ ಮಾಡಿದ್ದರು. ಖರ್ಚು ಜಾಸ್ತಿ ಅಂತ ಕೂತಿತ್ತು. 1916ರ ಪ್ರವಾಹ, ಜೊತೆಗೆ ಮೊದಲ ಮಹಾಯುದ್ಧದ ಕಾಲದ ಆಹಾರದ ಕೊರತೆ, ಎರಡೂ ಸೇರಿ ಮನಸ್ಸು ಬದಲಾಯಿತು. ಆಗ ಲೆಲಿ ಅವರೇ ಮಂತ್ರಿ. 1918ರಲ್ಲಿ ಕಾನೂನು ಪಾಸಾಯಿತು. 32 ಕಿಲೋಮೀಟರ್ ಉದ್ದದ ಆಫ್‌ಸ್ಲೌಟ್‌ಡೈಕ್ ಎಂಬ ಏರಿ 1932ರ ಮೇ 28ರಂದು ಮುಚ್ಚಿಕೊಂಡಿತು. ಅವತ್ತಿಗೆ ಝೌಡರ್‌ಝೇ ಸಮುದ್ರವಾಗಿ ಉಳಿಯಲಿಲ್ಲ, ಐಸೆಲ್‌ಮೇರ್ ಎಂಬ ಕೆರೆಯಾಯಿತು. ಐಸೆಲ್ ನದಿಯ ನೀರು ತುಂಬಿ ಕೆಲವೇ ವರ್ಷಗಳಲ್ಲಿ ಸಿಹಿನೀರು.

1953ರಲ್ಲಿ ಉತ್ತರ ಸಮುದ್ರ ಮತ್ತೆ ಉಕ್ಕಿ ನೈಋತ್ಯದ ಝೇಲ್ಯಾಂಡ್ ಕಡೆ 1,836 ಜನ ಸತ್ತರು. ಆ ರಾತ್ರಿ ಮಾರ್ಕೆನ್ ಆಫ್‌ಸ್ಲೌಟ್‌ಡೈಕ್‌ನ ಹಿಂದೆ ಇತ್ತು. ಈ ಕೆಲಸದಲ್ಲಿರುವ ನಮಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಳಿವೆ ಬಾಗಿಲು

ನಾನು ಕರಾವಳಿಯವನು. ಮನೆಯವರು ತಲೆತಲಾಂತರದಿಂದ ಮೀನಿನ ಕೆಲಸದವರು. ಏರಿ ಮೇಲೆ ಅವರು ಹೇಳಿದ್ದೆಲ್ಲ ಸರಿ, ಜೀವ ಉಳಿಯಿತು. ಆದರೆ ಸಮುದ್ರವನ್ನು ಕೆರೆ ಮಾಡಿದರೆ ಸಮುದ್ರದ ಮೀನು ಎಲ್ಲಿಂದ ಬರಬೇಕು? ಅಲ್ಲಿನ ಬೆಸ್ತರು ಏನಾದರು? ಅದನ್ನು ಯಾರಾದರೂ ಹೇಳಿ.

ಪೋಲ್ಡರ್ ಕನ್ನಡಿಗ

ನೀವು ಕೇಳಿದ್ದೇ ಈ ಊರಿನ ನಡುಮಧ್ಯದ ಪ್ರಶ್ನೆ.

ಹೆರಿಂಗ್ ಮತ್ತು ಆಂಚೊವಿ ಮೊಟ್ಟೆ ಇಡಲು ಹೊರಗಿನ ಸಮುದ್ರದಿಂದ ಝೌಡರ್‌ಝೇ ಒಳಕ್ಕೆ ಬರುತ್ತಿದ್ದವು. ಬಾಗಿಲು ಮುಚ್ಚಿತು. ಅವು ನಿಂತೇ ಹೋದವು. ಹಾವುಮೀನು ಉಳಿಯಿತು, ಸಿಹಿನೀರಿನಲ್ಲೂ ಬದುಕುವ ಮೀನು ಅದು. ಆದರೆ ಅಷ್ಟೂ ಊರುಗಳ ಅಷ್ಟೂ ದೋಣಿಗಳಿಗೆ ಅದು ಸಾಲುತ್ತದೆಯೇ? ಮಾರ್ಕೆನ್ ಒಂದೇ ಅಲ್ಲ. ವೋಲೆಂಡಾಮ್, ಉರ್ಕ್, ಎನ್‌ಕೌಝೆನ್, ಬುನ್ಸ್‌ಕೋಟೆನ್, ಸುತ್ತಲಿನ ಎಲ್ಲ ಬಂದರುಗಳದ್ದೂ ಅದೇ ಪಾಡು.

ಸರ್ಕಾರ 1925ರಲ್ಲೇ ಪರಿಹಾರಕ್ಕೆ ಬೇರೆ ಕಾನೂನು ಮಾಡಿತ್ತು. ಆದರೆ ದುಡ್ಡು ಕೊಟ್ಟು ತೀರುವ ವಿಷಯ ಅಲ್ಲ ಇದು. ಉರ್ಕ್‌ನವರು ದೊಡ್ಡ ದೋಣಿ ಮಾಡಿಕೊಂಡು ಉತ್ತರ ಸಮುದ್ರಕ್ಕೆ ಹೋದರು, ಇವತ್ತಿಗೂ ಅದು ದೊಡ್ಡ ಮೀನುಗಾರರ ಊರು. ಮಾರ್ಕೆನ್‌ನವರು ಆ ದಾರಿ ಹಿಡಿಯಲಿಲ್ಲ. ದೋಣಿಗಳು ಒಂದೊಂದಾಗಿ ಮಾರಿಹೋದವು. ಗಂಡಸರು ದಡದಾಚೆಯ ಕಾರ್ಖಾನೆ, ಹಡಗು ಕಟ್ಟುವ ಕಡೆ ಕೆಲಸಕ್ಕೆ ಸೇರಿದರು.

ಇನ್ನೂ ಒಂದು ಇದೆ. ಮಾರ್ಕೆನ್ ಸುತ್ತಲಿನ ನೀರನ್ನೂ ಬತ್ತಿಸಿ ‘ಮಾರ್ಕರ್‌ವಾರ್ಡ್’ ಎಂಬ ದೊಡ್ಡ ಪೋಲ್ಡರ್ ಮಾಡುವ ಯೋಜನೆ ಇತ್ತು. 1957ರ ಏರಿ ಕಟ್ಟಿದ್ದೂ ಅದರ ಭಾಗವಾಗಿಯೇ. ಆ ಪೋಲ್ಡರ್ ಆಗಿದ್ದರೆ ಮಾರ್ಕೆನ್ ಹೊಲಗಳ ಅಂಚಿನ ಊರಾಗುತ್ತಿತ್ತು, ಬಂದರಿನ ಮುಂದೆ ಆಲೂಗಡ್ಡೆ ಬೆಳೆಯುತ್ತಿದ್ದರು. ಎನ್‌ಕೌಝೆನ್‌ನಿಂದ ಲೆಲಿಸ್ಟಾಡ್‌ವರೆಗೆ ಏರಿ ಕಟ್ಟಿ ಮುಗಿಸಿದರು ಕೂಡ. ಆದರೆ ಹೊತ್ತು ಕಳೆದಂತೆ ಜನರ ವಿರೋಧ ಜಾಸ್ತಿಯಾಯಿತು, ಹೊಸ ನೆಲದ ಅಗತ್ಯ ಕಡಿಮೆಯಾಯಿತು. ಕೊನೆಗೆ ಕೈಬಿಟ್ಟರು. ಉಳಿದ ನೀರೇ ಇವತ್ತಿನ ಮಾರ್ಕರ್‌ಮೇರ್. ಊರಿನ ಸುತ್ತ ಈಗಲೂ ನೀರು ಕಾಣುತ್ತಿದ್ದರೆ ಅದಕ್ಕೆ ಈ ವಿರೋಧ ಕಾರಣ.

ಅಳಿವೆ ಬಾಗಿಲು

ಇದನ್ನೇ ತಿಳಿಯಬೇಕಿತ್ತು. ಮೀನಿನವನಿಗೆ ನೀರು ಕಣ್ಣೆದುರು ಇದ್ದೂ ಬಲೆ ಹಾಕಲಾಗದ ಸಂಕಟ ಬೇರೆಯವರಿಗೆ ಅರ್ಥ ಆಗುವುದು ಕಷ್ಟ. ಉರ್ಕ್ ಹೋದ ದಾರಿಗೆ ಬಂಡವಾಳ ಬೇಕು, ಆಳ ಸಮುದ್ರದ ಅನುಭವ ಬೇಕು. ಮಾರ್ಕೆನ್‌ನವರನ್ನು ನಾನು ದೂರುವುದಿಲ್ಲ.

ಸಂತೆಪೇಟೆ

ಎಲ್ಲ ಓದಿದೆ. ಆದರೂ ನನ್ನ ಅಭಿಪ್ರಾಯ ಬೇರೆ. ಈಗಿನ ಮಾರ್ಕೆನ್ ಪ್ರವಾಸಿಗರಿಗಾಗಿ ಇಟ್ಟ ಊರು. ಅಂಗಡಿ, ಪಾದರಕ್ಷೆ ಮಾಡಿ ತೋರಿಸುವ ಜಾಗ, ಹಳೇ ಬಟ್ಟೆ ಹಾಕಿದ ಗೊಂಬೆಗಳು. ಹಳ್ಳಿ ಬದುಕು ನೋಡಬೇಕಾದರೆ ಹೆಸರೇ ಕೇಳದ ಯಾವುದಾದರೂ ಊರಿಗೆ ಹೋಗಿ. ಅಲ್ಲಿ ನಿಜವಾದ ರೈತ ಸಿಗುತ್ತಾನೆ.

ಗಂಟುಮೂಟೆ

ಸಂತೆಪೇಟೆ ಅವರೇ, ನಾನು ಜವಳಿ ವಿಷಯ ಓದುವವಳು. ಆ ಹಳೇ ಬಟ್ಟೆಯ ಬಗ್ಗೆ ಸ್ವಲ್ಪ ಹೇಳಲೇಬೇಕು.

ಮಾರ್ಕೆನ್ ಉಡುಗೆ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ದ್ವೀಪ ದೂರ ಇದ್ದದ್ದರಿಂದ ಬೇರೆ ಕಡೆ ಬಿಟ್ಟುಹೋದ ಹಳೇ ಪದ್ಧತಿ ಇಲ್ಲಿ ಉಳಿಯಿತು. ಒಂದರ ಮೇಲೆ ಒಂದು ತೊಡುವ ಹಲವು ಪದರ, ಕಸೂತಿ, ಪಟ್ಟೆ ತೋಳು, ತಲೆಗೆ ಹಲವು ತುಂಡಿನ ಟೋಪಿ. ದಿನಕ್ಕೆ ಒಂದು, ಹಬ್ಬಕ್ಕೆ ಒಂದು, ಸೂತಕಕ್ಕೆ ಬೇರೆ. ಬಟ್ಟೆ ನೋಡಿದರೆ ಮನೆಯಲ್ಲಿ ಏನು ನಡೆದಿದೆ ಅಂತ ಊರಿಗೆ ಗೊತ್ತಾಗುತ್ತಿತ್ತು. ಚಿಕ್ಕ ಗಂಡುಮಕ್ಕಳಿಗೂ ಲಂಗದಂಥ ಉಡುಗೆಯನ್ನೇ ಹಾಕುತ್ತಿದ್ದರು.

ಹಬ್ಬದ ಉಡುಗೆಯಲ್ಲಿ ಹೂವಿನ ಹತ್ತಿ ಬಟ್ಟೆ ಕಾಣುತ್ತದೆ. ಡಚ್ಚರು ಅದನ್ನು ಸಿಟ್ಸ್ ಎನ್ನುತ್ತಾರೆ. ಆ ಬಟ್ಟೆಯ ಮೂಲ ನಮ್ಮ ಕಡೆಯದು. 17ನೇ ಶತಮಾನದಿಂದ ಡಚ್ ಈಸ್ಟ್ ಇಂಡಿಯಾ ಕಂಪನಿ ಕೋರಮಂಡಲ ತೀರದ ಮಚಲಿಪಟ್ಟಣ, ಪುಲಿಕಾಟ್ ಕಡೆಯಿಂದ ಹಡಗುಗಟ್ಟಲೆ ತಂದದ್ದು ಇಂಥದ್ದನ್ನೇ. ಕಲಂಕಾರಿ ಗೊತ್ತಿದ್ದವರಿಗೆ ಆ ಬಳ್ಳಿ, ಆ ಹೂವು ನೋಡಿದ ಕೂಡಲೇ ಗುರುತು ಸಿಗುತ್ತದೆ. ಒಗೆದರೂ ಬಣ್ಣ ಬಿಡದ ಹತ್ತಿ ಬಟ್ಟೆ ಆಗ ಯುರೋಪಿಗೆ ಹೊಸದು. ಆಮೇಲೆ ಅಲ್ಲೇ ಅದನ್ನು ನೋಡಿ ಅಚ್ಚು ಹಾಕಲು ಕಲಿತರು.

ಕೆರ್ಕ್‌ಬ್ಯೂರ್ಟ್‌ನಲ್ಲಿ ಮಾರ್ಕರ್ ಮ್ಯೂಸಿಯಂ ಇದೆ. ಚಿಮಣಿ ಇಲ್ಲದೆ ಒಲೆಯ ಹೊಗೆ ಚಾವಣಿಯ ಕಂಡಿಯಿಂದ ಹೋಗುತ್ತಿದ್ದ ಹಳೇ ಪುಟ್ಟ ಮನೆಗಳಲ್ಲೇ ಮಾಡಿದ್ದಾರೆ. ಗೋಡೆ ತುಂಬಾ ಪಿಂಗಾಣಿ ತಟ್ಟೆ, ಗೋಡೆಯೊಳಗೆ ಕಪಾಟಿನಂತೆ ಬಾಗಿಲಿರುವ ಹಾಸಿಗೆ, ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಮಕ್ಕಳು ಎಲ್ಲಿ ಮಲಗುತ್ತಿದ್ದರು ಅಂತ ನೋಡಿ ಬನ್ನಿ, ಆಮೇಲೆ ಇದು ತೋರಿಕೆಯೋ ಅಲ್ಲವೋ ಹೇಳಿ.

ಪೋಲ್ಡರ್ ಕನ್ನಡಿಗ

ಗಂಟುಮೂಟೆ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮಾರ್ಕೆನ್‌ಗೆ ಪ್ರವಾಸಿಗರು 19ನೇ ಶತಮಾನದಿಂದಲೇ ಬರುತ್ತಿದ್ದರು. ಚಿತ್ರಕಾರರು ಬಂದರು, ವಿದೇಶಿಯರು ಆಮ್‌ಸ್ಟರ್‌ಡಾಮಿನಿಂದ ದೋಣಿಯಲ್ಲಿ ಬಂದರು. ಸೈಟ್ಯೆ ಬೂಸ್ ಎಂಬ ಹೆಂಗಸು ಬಂದರಿನ ಹತ್ತಿರದ ತಮ್ಮ ಮನೆಯನ್ನೇ ತೆರೆದು ಬಂದವರಿಗೆ ತೋರಿಸುತ್ತಿದ್ದರು, ಸಣ್ಣಪುಟ್ಟ ಸಾಮಾನು ಮಾರುತ್ತಿದ್ದರು. ಅವರ ಹೆಸರಿನ ಅಂಗಡಿ ಉಳಿದುಕೊಂಡು ಬಂದಿದೆ. ಮೀನು ಹೋದ ಊರಿನಲ್ಲಿ ಹೆಂಗಸರು ಮನೆ ತೋರಿಸಿ ನಾಲ್ಕು ಕಾಸು ದುಡಿದರೆ ಅದನ್ನು ನಾನು ಬದುಕಿನ ಭಾಗ ಎಂದೇ ನೋಡುತ್ತೇನೆ. ರೈತನ ದುಡಿಮೆ ನಿಜವಾದರೆ ಇದೂ ನಿಜವೇ.

ಸಂತೆಪೇಟೆ

ಒಪ್ಪಿದೆ, ಆ ಕಡೆಯಿಂದ ಯೋಚಿಸಿರಲಿಲ್ಲ. ಆದರೂ ಬೇಸಿಗೆಯ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅನ್ನುವುದು ನಿಜ.

ಗೌಝೇ ಗಾಳಿ

ನಾನು ಎದುರು ದಡದಲ್ಲೇ ಇದ್ದೇನೆ, ಸಹೋದ್ಯೋಗಿಗಳಲ್ಲಿ ಮಾರ್ಕೆನ್‌ನವರು ಇದ್ದಾರೆ. ದಿನದ ಬದುಕಿನ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಜನ ಕಾರಿನಲ್ಲೋ ಬಸ್ಸಿನಲ್ಲೋ ಏರಿ ದಾಟಿ ಕೆಲಸಕ್ಕೆ ಹೋಗುತ್ತಾರೆ. ಆಮ್‌ಸ್ಟರ್‌ಡಾಮ್, ಪುರ್ಮೆರೆಂಡ್ ಕಡೆ. ಊರಲ್ಲಿ ಪ್ರಾಥಮಿಕ ಶಾಲೆ ಇದೆ. ಹೈಸ್ಕೂಲಿಗೆ ಮಕ್ಕಳು ಆಚೆ ಹೋಗಬೇಕು. ತುಂಬಾ ಮಕ್ಕಳು ಸೈಕಲ್ಲಿನಲ್ಲೇ. ಎದುರುಗಾಳಿಯಲ್ಲಿ ಆ ಏರಿಯ ಮೇಲೆ ಸೈಕಲ್ ತುಳಿಯುವುದು ಎಂಥ ಕೆಲಸ ಅಂತ ತುಳಿದವರಿಗೇ ಗೊತ್ತು. ತಗ್ಗು ನೆಲ, ಮರ ಇಲ್ಲ, ಗಾಳಿ ತಡೆಯುವವರು ಯಾರೂ ಇಲ್ಲ.

1991ರವರೆಗೆ ಮಾರ್ಕೆನ್‌ಗೆ ತನ್ನದೇ ಪುರಸಭೆ ಇತ್ತು. ಆಮೇಲೆ ಸುತ್ತಲಿನ ಊರುಗಳ ಜೊತೆ ಸೇರಿಸಿ ವಾಟರ್‌ಲ್ಯಾಂಡ್ ಮಾಡಿದರು. ಆದರೆ ಊರಿನವರು ತಾವು ಮಾರ್ಕೆನ್‌ನವರು ಅಂತಲೇ ಹೇಳಿಕೊಳ್ಳುತ್ತಾರೆ. ಮಾತೂ ಬೇರೆ. ವಯಸ್ಸಾದವರು ತಮ್ಮತಮ್ಮಲ್ಲಿ ಆಡುವ ಮಾತು ನಾಲ್ಕು ಕಿಲೋಮೀಟರ್ ದೂರದವರಿಗೂ ಪೂರ್ತಿ ಹಿಡಿಯುವುದಿಲ್ಲ.

ಚರ್ಚ್‌ಗೆ ಬೆಲೆ ಇದೆ. ದೊಡ್ಡ ಚರ್ಚ್ 1904ರದು. ಒಳಗೆ ಚಾವಣಿಯಿಂದ ಹಡಗಿನ ಮಾದರಿಗಳು ತೂಗುತ್ತವೆ. ಮನೆಗಳ ಹಿಂದೆ ಬಟ್ಟೆ ಒಣಹಾಕಿರುತ್ತಾರೆ. ಓಣಿಗಳು ಇಬ್ಬರು ಎದುರು ಬಂದರೆ ಒಬ್ಬರು ಸರಿಯಬೇಕಾದಷ್ಟು ಕಿರಿದು. ನೀವು ಓಣಿ ಎಂದುಕೊಂಡದ್ದು ಎಷ್ಟೋ ಸಲ ಯಾರದೋ ಹಿತ್ತಲು. ದಯವಿಟ್ಟು ಕಿಟಕಿಗೆ ಮುಖ ಒತ್ತಿ ಒಳಗೆ ನೋಡಬೇಡಿ. ಒಳಗೆ ಊಟ ಮಾಡುತ್ತಿರುತ್ತಾರೆ. ಈ ಮಾತು ಅಲ್ಲಿಯವರಿಂದ ನಾನು ಮತ್ತೆ ಮತ್ತೆ ಕೇಳಿದ್ದೇನೆ.

ಏಪ್ರಿಲ್ 27 ರಾಜನ ದಿನ. ಅವತ್ತು ಊರಿನವರು ತಮ್ಮ ಹಳೇ ಉಡುಗೆ ಹಾಕುತ್ತಾರೆ, ಕಿತ್ತಳೆ ಬಣ್ಣ ಸೇರಿಸಿಕೊಂಡು. ಅದು ಅವರ ಹಬ್ಬ. ಇನ್ನೊಂದು ಹಬ್ಬಕ್ಕೆ ತಾರೀಖು ಇಲ್ಲ. ಮಾರ್ಕೆನ್ ಮತ್ತು ದಡದ ನಡುವಿನ ನೀರಿಗೆ ಗೌಝೇ ಅಂತ ಹೆಸರು. ಆಳ ಕಡಿಮೆ, ಅದಕ್ಕೆ ಗಟ್ಟಿ ಚಳಿ ಬಿದ್ದರೆ ಬೇಗ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ಜನರನ್ನು ಹೊರುವಷ್ಟು ದಪ್ಪ ಆಯಿತು ಅಂತ ಗೊತ್ತಾದರೆ ಸಾಕು, ಮೊನಿಕೆನ್‌ಡಾಮ್, ವೋಲೆಂಡಾಮ್, ಮಾರ್ಕೆನ್ ಮೂರು ಕಡೆಯಿಂದಲೂ ಜನ ಸ್ಕೇಟ್ ಕಟ್ಟಿಕೊಂಡು ಇಳಿಯುತ್ತಾರೆ. ಹಾಯಿ ಕಟ್ಟಿದ ಜಾರುದೋಣಿಗಳೂ ಬರುತ್ತವೆ. ಈಗ ಅಂಥ ಚಳಿಗಾಲ ಅಪರೂಪ ಆಗುತ್ತಿದೆ.

ಹುಣಸೆಮರ

ಜೂನ್‌ನಲ್ಲಿ ಅತ್ತೆ ಮಾವ ಬರುತ್ತಿದ್ದಾರೆ. ಅತ್ತೆಗೆ ಮಂಡಿ ನೋವು. ಇಷ್ಟೆಲ್ಲ ಓದಿದ ಮೇಲೆ ಕರೆದುಕೊಂಡು ಹೋಗಲೇಬೇಕು ಅನಿಸುತ್ತಿದೆ. ಹೇಗೆ ಹೋಗುವುದು, ಏನು ಮೊದಲು ನೋಡುವುದು?

ಗೌಝೇ ಗಾಳಿ

ಆಮ್‌ಸ್ಟರ್‌ಡಾಮ್ ನೂರ್ಡ್‌ನಿಂದ ಬಸ್ ಇದೆ. ಕಾರಿನಲ್ಲಿ ಹೋದರೆ ಊರಿನ ಬಾಗಿಲಲ್ಲೇ ದೊಡ್ಡ ನಿಲುಗಡೆ ಜಾಗ, ಅಲ್ಲಿಂದ ನಡಿಗೆ. ನೆಲ ಬಹುತೇಕ ಸಮ, ದಿಬ್ಬ ಹತ್ತುವುದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ. ಮೊದಲು ಕೆರ್ಕ್‌ಬ್ಯೂರ್ಟ್ ಮತ್ತು ಮ್ಯೂಸಿಯಂ, ಆಮೇಲೆ ಬಂದರಿನಲ್ಲಿ ಕೂತು ಕಾಫಿ. ಜೂನ್ ಆದರೂ ಗಾಳಿಗೆ ಶಾಲು, ಸ್ವೆಟರ್ ಇರಲಿ. ಮೀನು ತಿನ್ನುವವರಾದರೆ ಹೊಗೆ ಹಾಕಿದ ಹಾವುಮೀನು ರುಚಿ ನೋಡಿ. ಸಸ್ಯಾಹಾರಿಗಳು ತಿಂಡಿ ಕಟ್ಟಿಕೊಂಡು ಹೋಗುವುದೇ ಒಳ್ಳೇದು, ಇಲ್ಲದಿದ್ದರೆ ಪ್ಯಾನ್‌ಕೇಕ್, ಚೀಸ್ ಬ್ರೆಡ್‌ನಲ್ಲೇ ಮುಗಿಯುತ್ತದೆ.

ಮಾವನವರಿಗೆ ನಡಿಗೆ ಇಷ್ಟ ಅಂದರೆ ಪೂರ್ವದ ತುದಿಯ ದೀಪಸ್ತಂಭದವರೆಗೆ ಏರಿಯ ಮೇಲೆ ಹೋಗಿ ಬರಲಿ. 1839ರ ಕಟ್ಟಡ. ಅದನ್ನು ‘ಮಾರ್ಕೆನ್ ಕುದುರೆ’ ಎನ್ನುತ್ತಾರೆ. ಒಳಗೆ ಬಿಡುವುದಿಲ್ಲ, ಹೊರಗಿನಿಂದ ನೋಡಬೇಕು.

ಹುಣಸೆಮರ

ತುಂಬಾ ಉಪಕಾರ. ಒಂದೇ ಕೊನೆಯ ಪ್ರಶ್ನೆ. ಆಫ್‌ಸ್ಲೌಟ್‌ಡೈಕ್ ಇದೆ ಅಂದ ಮೇಲೆ ಮಾರ್ಕೆನ್‌ಗೆ ಈಗ ಭಯ ಇಲ್ಲ ಅಲ್ವಾ? ಏರಿ ಕೆಲಸ ನಡೆಯುತ್ತಿದೆ ಅಂತ ಎಲ್ಲೋ ನೋಡಿದ ನೆನಪು.

ಏರಿ ಮೇಲೆ

ಭಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಸಮುದ್ರ ನೇರವಾಗಿ ಬರುವುದಿಲ್ಲ. ಆದರೆ ಮಾರ್ಕರ್‌ಮೇರ್ ದೊಡ್ಡ ಕೆರೆ, ಜೋರು ಗಾಳಿಗೆ ಅದರಲ್ಲೂ ಅಲೆ ಏಳುತ್ತದೆ, ಒಂದು ಬದಿಗೆ ನೀರು ತಳ್ಳಿಕೊಂಡು ಬರುತ್ತದೆ. ಏರಿಯ ಕೆಳಗಿನ ಪೀಟ್ ಮಣ್ಣು ಇವತ್ತಿಗೂ ಕುಗ್ಗುತ್ತಲೇ ಇದೆ. ಅದಕ್ಕೇ ಮಾರ್ಕೆನ್ ಏರಿಯನ್ನು ಬಲಪಡಿಸುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ದೇಶದ ನೀರು, ರಸ್ತೆಗಳ ಕೆಲಸ ನೋಡುವ ಸರ್ಕಾರಿ ಸಂಸ್ಥೆ ರೈಕ್ಸ್‌ವಾಟರ್‌ಸ್ಟಾಟ್ ಅದನ್ನು ನೋಡಿಕೊಳ್ಳುತ್ತದೆ. ಮೆತ್ತನೆ ನೆಲದ ಮೇಲೆ ಒಮ್ಮೆಗೇ ಮಣ್ಣು ಸುರಿಯುವ ಹಾಗಿಲ್ಲ. ಸ್ವಲ್ಪ ಹಾಕಬೇಕು, ಕೆಳಗಿನ ಪದರದ ನೀರು ಹಿಂಡಿ ಹೊರಗೆ ಹೋಗಲು ಬಿಡಬೇಕು, ಅದು ಗಟ್ಟಿಯಾದ ಮೇಲೆ ಮತ್ತೆ ಸ್ವಲ್ಪ. ಅವಸರ ಮಾಡಿದರೆ ಏರಿಯೇ ಜಾರುತ್ತದೆ.

ಕೆರೆಯ ಆರೋಗ್ಯವೂ ಒಂದು ಚಿಂತೆ. ಲೆಲಿಸ್ಟಾಡ್ ಏರಿ ಆದ ಮೇಲೆ ಮಾರ್ಕರ್‌ಮೇರ್‌ನ ಹೂಳು ಹೊರಗೆ ಹೋಗದೆ ಅಲ್ಲೇ ಉಳಿಯಿತು. ಗಾಳಿ ಬೀಸಿದಾಗಲೆಲ್ಲ ನೀರು ಕದಡಿ, ಬೆಳಕು ತಳಕ್ಕೆ ಇಳಿಯದೆ ಮೀನು, ಹಕ್ಕಿ ಕಡಿಮೆಯಾದವು. 2016ರಿಂದ ಆ ಹೂಳನ್ನೇ ಎತ್ತಿ ಲೆಲಿಸ್ಟಾಡ್ ಕಡೆ ‘ಮಾರ್ಕರ್ ವಾಡೆನ್’ ಎಂಬ ಹೊಸ ದ್ವೀಪಗಳನ್ನು ಕಟ್ಟಿದ್ದಾರೆ. ಜನ ಇರುವುದಕ್ಕಲ್ಲ, ಹಕ್ಕಿಗಳಿಗೆ ಮತ್ತು ಮೀನಿನ ಮರಿಗಳಿಗೆ. ಹಕ್ಕಿಗಳು ಬಂದಿವೆ. ಮಾವನವರಿಗೆ ಆಸಕ್ತಿ ಇದ್ದರೆ ಲೆಲಿಸ್ಟಾಡ್‌ನಿಂದ ದೋಣಿಯಲ್ಲಿ ಹೋಗಬಹುದು. ಆದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ, ಮಾರ್ಕೆನ್ ಜೊತೆ ಸೇರಿಸಬೇಡಿ.